ಫೋಟೋ ಇಟ್ಕೊಂಡು ಹೆದರಿಸಿದರೆ ಏನು ಮಾಡಬೇಕು?

ಹೈಸ್ಕೂಲು, ಪಿಯುಸಿ ಮಕ್ಕಳಿರುವವರು ಇದನ್ನು ಅವರ ಜೊತೆ ಕೂತೇ ಓದಿ. ಗುರುತಿಲ್ಲದವರು ಇನ್‌ಸ್ಟಾಗ್ರಾಮ್‌ನಲ್ಲಿ ಸ್ನೇಹ ಬೆಳೆಸಿ, ಖಾಸಗಿ ಫೋಟೋ ತರಿಸಿಕೊಳ್ಳುತ್ತಾರೆ. ಆಮೇಲೆ ಶುರು: ‘ದುಡ್ಡು ಹಾಕು, ಇಲ್ಲಾಂದ್ರೆ ನಿನ್ನ ಫ್ರೆಂಡ್ಸಿಗೆಲ್ಲ ಕಳಿಸ್ತೀನಿ.’ ಹುಡುಗಿಯರಿಗೆ ಮಾತ್ರ ಹೀಗಾಗುತ್ತೆ ಅಂದುಕೊಳ್ಳಬೇಡಿ, ಹುಡುಗರೂ ಸಿಕ್ಕಿಬೀಳುತ್ತಾರೆ.

ದುಡ್ಡು ಕೊಡಲೇಬೇಡಿ. ಒಂದು ಸಲ ಕೊಟ್ಟರೆ ಮತ್ತೆ ಕೇಳುತ್ತಾರೆ. ಗಾಬರಿಯಲ್ಲಿ ಚಾಟ್ ಡಿಲೀಟ್ ಮಾಡುವುದೂ ಬೇಡ, ಸಾಕ್ಷಿ ಇರುವುದೇ ಅಲ್ಲಿ ಅಲ್ವಾ? ಅವರ ಪ್ರೊಫೈಲ್, ಬೆದರಿಕೆ ಮೆಸೇಜು, ಯುಪಿಐ ಐಡಿ ಇವುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆಮೇಲೆ ಬ್ಲಾಕ್ ಮಾಡಿ.

ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098.

ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ‘ಟೇಕ್ ಇಟ್ ಡೌನ್’ ಅನ್ನುವ ಉಚಿತ ಸೇವೆ. 18 ವರ್ಷ ತುಂಬುವ ಮೊದಲು ತೆಗೆದ ಇಂಥ ಫೋಟೋಗಳಿಗಾಗಿಯೇ ಇರುವುದು. ಫೋಟೋ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಬೆರಳಚ್ಚಿನಂಥ ಒಂದು ಕೋಡ್ ಮಾತ್ರ ಹೋಗುತ್ತದೆ. ಅದನ್ನು ಹಿಡಿದು ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಆ ಫೋಟೋ ಹರಡದಂತೆ ತಡೆಯುತ್ತವೆ. ವಾಟ್ಸಾಪ್ ಚಾಟಿನಲ್ಲಿ ಹೋಗುವುದನ್ನು ಮಾತ್ರ ಇದು ತಡೆಯಲಾರದು.

ಇನ್ನೊಂದು, ಅಪ್ಪ ಅಮ್ಮಂದಿರಿಗೆ: ‘ಏನೇ ಆದರೂ ಬಂದು ಹೇಳು, ಫೋನ್ ಕಿತ್ಕೊಳ್ಳಲ್ಲ, ಬೈಯಲ್ಲ’ ಅಂತ ಇವತ್ತೇ ಹೇಳಿಬಿಡಿ. ಆ ಹೆದರಿಕೆಗೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ.