ಕ್ಲಿಯೋಪಾತ್ರ ಕ್ಷುದ್ರಗ್ರಹದ ಸುತ್ತು ತಾರಸಿ ಮೇಲಿಂದ ಅಳೆದಿದ್ದು: ನನ್ನ ಅನುಭವ

ಮಂಗಳ, ಗುರು ನಡುವಿನ ಪಟ್ಟಿಯಲ್ಲಿ 216 ಕ್ಲಿಯೋಪಾತ್ರ ಅಂತ ಒಂದು ಕ್ಷುದ್ರಗ್ರಹ ಇದೆ, 1880ರಲ್ಲಿ ಖಗೋಳಶಾಸ್ತ್ರಜ್ಞ ಯೊಹಾನ್ ಪಾಲಿಸಾ ಕಂಡುಹಿಡಿದಿದ್ದು. ಲೈಟ್ ಕರ್ವ್, ಅಂದ್ರೆ ಹೊತ್ತು ಹೋದಂಗೆ ಬೆಳಕು ಏರಿಳಿಯೋ ಗ್ರಾಫ್, ಕಲಿಯೋರಿಗೆ ನಾನು ಮೊದಲು ಹೇಳೋದೇ ಇದನ್ನ, ಯಾಕಂದ್ರೆ ತನ್ನ ಸುತ್ತ ತಿರುಗೋಕೆ ಇದಕ್ಕೆ 5.385 ಗಂಟೆ ಸಾಕು, ಒಂದೇ ರಾತ್ರೀಲಿ ಪೂರ್ತಿ ಸುತ್ತು ಸಿಕ್ಕಿಬಿಡತ್ತೆ.

ಚಳ್ಳಕೆರೆ ಹತ್ರ ನಮ್ಮ ತೋಟದ ಮನೆ ತಾರಸಿ ಮೇಲೆ 8 ಇಂಚಿನ ಟೆಲಿಸ್ಕೋಪು, ಒಂದು ಮೊನೊ (ಕಪ್ಪುಬಿಳುಪು) ಕ್ಯಾಮೆರಾ ಇಟ್ಟಿದ್ದೆ. ಸೂರ್ಯನಿಗೆ ಎದುರು ದಿಕ್ಕಿಗೆ ಬಂದಾಗಲೇ ಹಿಡೀಬೇಕು, ಆವಾಗ ರಾತ್ರಿಯೆಲ್ಲಾ ಆಕಾಶದಲ್ಲಿರತ್ತೆ, ಪ್ರಕಾಶನೂ ಜಾಸ್ತಿ. 60 ಸೆಕೆಂಡಿನ ಫ್ರೇಮುಗಳನ್ನ ಬಿಡದೆ ತೆಗೀತಾ ಹೋದೆ, ಆಮೇಲೆ ಡಾರ್ಕು (ಮುಚ್ಚಳ ಹಾಕಿ ತೆಗೆದ ಫೋಟೋ), ಫ್ಲಾಟು (ಒಂದೇ ಸಮ ಬೆಳಕಿನ ಫೋಟೋ) ಬಳಸಿ ಕ್ಯಾಮೆರಾ ದೋಷ ಸರಿಮಾಡಿ ಆಸ್ಟ್ರೋಇಮೇಜ್‌ಜೆ ಸಾಫ್ಟ್‌ವೇರಲ್ಲಿ ಅದೇ ಫ್ರೇಮಿನ ನಾಲ್ಕೈದು ನಕ್ಷತ್ರಗಳ ಜೊತೆ ಹೋಲಿಸಿ ಅಳೆದೆ. ನಕ್ಷತ್ರಗಳೂ ಕ್ಲಿಯೋಪಾತ್ರನೂ ಒಟ್ಟಿಗೇ ಮಂಕಾದ್ರೆ ಅದು ಮೋಡಾನೋ ಧೂಳೋ, ಕ್ಲಿಯೋಪಾತ್ರ ಒಂದೇ ಮಂಕಾದ್ರೆ ಮಾತ್ರ ಅದರದ್ದೇ ವಿಷಯ.

ಗ್ರಾಫಲ್ಲಿ ಬೆಳಕು ಏರಿ, ಇಳಿದು, ಮತ್ತೆ ಏರಿ, ಮತ್ತೆ ಇಳೀತು. ತುದಿಯಿಂದ ತಳಕ್ಕೆ ಸುಮಾರು 80 ನಿಮಿಷ. ಒಂದೇ ಗುಡ್ಡ ನೋಡಿ ಲೆಕ್ಕ ಹಾಕಿದ್ರೆ 2.7 ಗಂಟೆ ಬರತ್ತೆ, ಆದ್ರೆ ಉದ್ದನೆ ವಸ್ತು ಒಂದು ಸುತ್ತಿಗೆ ಎರಡು ಸಲ ಅಗಲದ ಮೈ ತೋರಿಸತ್ತೆ, ಹಾಗಾಗಿ ಎರಡೂ ಗುಡ್ಡ ಸೇರಿದ್ರೇ ಒಂದು ಸುತ್ತು.

ಇದು ನಿಜಕ್ಕೂ ಉದ್ದ, ಸುಮಾರು 270 ಕಿಲೋಮೀಟರ್, ಎರಡು ತುದಿ ದಪ್ಪ ನಡು ಸಣ್ಣ, ನಾಯಿ ಕಡಿಯೋ ಮೂಳೆ ಥರ. ಪೋರ್ಟೊ ರಿಕೋದ ಅರೆಸಿಬೋ ರೇಡಾರ್ ಈ ಆಕಾರ ತೋರಿಸಿದ್ದು 2000ದಲ್ಲಿ. 2008ರಲ್ಲಿ ಎರಡು ಪುಟ್ಟ ಚಂದ್ರರೂ ಸಿಕ್ಕಿದ್ವು, ಅವು ಸುತ್ತೋ ರೀತಿಯಿಂದಲೇ ಇದರ ತೂಕ ಗೊತ್ತಾಗಿದ್ದು. ಸಾಂದ್ರತೆ ಘನ ಸೆಂಟಿಮೀಟರಿಗೆ 3.4 ಗ್ರಾಂ, ಲೋಹ ಜಾಸ್ತಿ ಇರೋ ಮೈಗೆ ಇದು ತುಂಬಾ ಕಡಿಮೆ, ಅಂದ್ರೆ ಒಳಗೆ ಸಂದು ಬಿಟ್ಟುಕೊಂಡು ಕೂತಿರೋ ಕಲ್ಲಿನ ರಾಶಿ. ನನಗೆ ಕಂಡಿದ್ದು ಬರೀ ಒಂದು ಚುಕ್ಕೆ, ಆ ಚುಕ್ಕೆಯ ಬೆಳಕಲ್ಲೇ ಉದ್ದನೆ ಮೈ ಗುರುತು ಸಿಕ್ಕಿತಲ್ಲ, ಎಂಥಾ ಖುಷಿ ಗೊತ್ತಾ!

ಸೂರ್ಯನಿಂದ ಸರಾಸರಿ ದೂರ 2.79 ಖಗೋಳಮಾನ (ಒಂದು ಖಗೋಳಮಾನ ಅಂದ್ರೆ ಸೂರ್ಯನಿಂದ ಭೂಮಿಗಿರೋ ಸರಾಸರಿ ದೂರ), ಒಂದು ಪ್ರದಕ್ಷಿಣೆಗೆ 4.67 ವರ್ಷ, ಕಕ್ಷೆ ಸಾಕಷ್ಟು ದೀರ್ಘವೃತ್ತ. ಅದಕ್ಕೇ ಪ್ರತಿ ಸಲ ಎದುರಾದಾಗ ದೂರನೂ ಬೇರೆ, ನಮಗೆ ಕಾಣೋ ಕೋನನೂ ಬೇರೆ. ಒಂದು ಸಲ ಏರಿಳಿತ ಒಂದು ಮ್ಯಾಗ್ನಿಟ್ಯೂಡ್ (ಪ್ರಕಾಶ ಅಳೆಯೋ ಮಾನ) ದಾಟತ್ತೆ, ಇನ್ನೊಂದು ಸಲ ತುಂಬಾ ಕಮ್ಮಿ.

ಬೇರೆ ಬೇರೆ ರಾತ್ರಿ ಡೇಟಾ ಸೇರಿಸೋದಾದ್ರೆ ಕ್ಲಿಯೋಪಾತ್ರದಿಂದ ಭೂಮಿಗೆ ಬೆಳಕು ಬರೋಕೆ ಹಿಡಿಯೋ ಟೈಮ್ ಕಳೀರಿ, ಒಂದು ಖಗೋಳಮಾನಕ್ಕೆ 8.3 ನಿಮಿಷ, ಕಂಪ್ಯೂಟರ್ ಗಡಿಯಾರನೂ ಇಂಟರ್ನೆಟ್ ಟೈಮಿಗೆ ಹೊಂದಿಸಿಕೊಂಡೇ ಶುರು ಮಾಡಿ.