ಜುಲೈನಲ್ಲಿ ಶ್ರೀಲಂಕಾ, ಅಪ್ಪ ಅಮ್ಮನ ಜೊತೆ

ಶ್ರೀಲಂಕಾಗೆ ಯಾವ ತಿಂಗಳು ಒಳ್ಳೇದು ಅಂತ ಕೇಳಿದರೆ, ಯಾವ ಕಡಲಿಗೆ ಹೋಗ್ತೀರಿ ಅಂತ ನಾನು ಮರುಪ್ರಶ್ನೆ ಹಾಕುತ್ತೇನೆ. ಮೇಯಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣದ ಗಾಲೆ, ಮಿರಿಸ್ಸಾ ಕಡೆ ಮುಂಗಾರು, ಕಡಲು ಒರಟು. ಅದೇ ಹೊತ್ತಿಗೆ ಪೂರ್ವದ ಟ್ರಿಂಕೋಮಲಿಯಲ್ಲಿ ಬಿಸಿಲು. ಡಿಸೆಂಬರ್ ಹೊತ್ತಿಗೆ ಇದೆಲ್ಲ ತಿರುಗುಮುರುಗು.

ನಮಗೆ ರಜೆ ಸಿಕ್ಕಿದ್ದು ಜುಲೈನಲ್ಲಿ. ಹಾಗಾಗಿ ದಕ್ಷಿಣದ ಆಸೆ ಬಿಟ್ಟು, ಕ್ಯಾಂಡಿ, ಸಿಗಿರಿಯದ ಬಂಡೆಕೋಟೆ ನೋಡಿಕೊಂಡು ಟ್ರಿಂಕೋಮಲಿಗೆ ಹೋದೆವು. ಅಲ್ಲಿನ ನಿಲಾವೇಲಿ ಕಡಲತೀರದಲ್ಲಿ ಅಮ್ಮ ಭಯವಿಲ್ಲದೆ ನೀರಿಗಿಳಿದರು. ಅಪ್ಪ ಬಂಡೆಯ ತುದಿಯಲ್ಲಿರುವ ಕೋಣೇಶ್ವರ ದೇವಸ್ಥಾನದಿಂದ ಏಳುವುದಕ್ಕೇ ಒಪ್ಪಲಿಲ್ಲ.

ಸಿಗಿರಿಯದಲ್ಲಿ ಸುಮಾರು 1,200 ಮೆಟ್ಟಿಲು. ಬಿಸಿಲೇರುವ ಮುಂಚೆ ಹತ್ತಿಬಿಡಿ. ಪಾಸ್‌ಪೋರ್ಟ್ ಕೈಯಲ್ಲಿರಲಿ, ಭಾರತವೂ ಸೇರಿದ ಸಾರ್ಕ್ ದೇಶಗಳವರಿಗೆ ಟಿಕೆಟ್ ದರ ಕಮ್ಮಿ.

ಸಸ್ಯಾಹಾರಿಗಳು ಮುಖ್ಯವಾಗಿ ಗಮನ ಕೊಡಬೇಕಾದ್ದು ಊಟದ ಕಡೆ. ಅಲ್ಲಿನ ತಿಂಡಿ ನಮಗೆ ಹೊಸದೇನಲ್ಲ. ಇಡಿಯಪ್ಪ ಅಂದರೆ ನಮ್ಮ ಒತ್ತು ಶಾವಿಗೆಯೇ, ಅದಕ್ಕೆ ಕಾಯಿಹಾಲಿನ ಸಾರು, ಪಕ್ಕದಲ್ಲಿ ಪೋಲ್ ಸಂಬೋಲ್ ಅನ್ನುವ ಕೆಂಪು ಕಾಯಿಚಟ್ನಿ. ಆದರೆ ಆ ಚಟ್ನಿಗೆ ಉಂಬಲಕಡ ಬೀಳುವುದು ಮಾಮೂಲು. ಅದು ಒಣಗಿಸಿ ಕುಟ್ಟಿದ ಮೀನು. ಚೂರು ಎಷ್ಟು ಸಣ್ಣದೆಂದರೆ ತೆಂಗಿನ ತುರಿಯಲ್ಲಿ ಕಣ್ಣಿಗೇ ಬೀಳುವುದಿಲ್ಲ. ಸಾರಿಗೂ, ಪಲ್ಯಕ್ಕೂ ಹಾಕುತ್ತಾರೆ. ಬಡಿಸುವವರು ಮೋಸ ಮಾಡುವುದಿಲ್ಲ, ಅವರ ಲೆಕ್ಕದಲ್ಲಿ ಅದು ಬರೀ ಒಗ್ಗರಣೆ ಸಾಮಾನು. ಅದಕ್ಕೇ ‘ವೆಜ್’ ಅಂದರೆ ಸಾಲದು, ‘ಉಂಬಲಕಡ ಎಪಾ’ ಅಂತ ಹೆಸರು ಹಿಡಿದೇ ಬೇಡ ಅನ್ನಿ. ನಾನು ಊಟಕ್ಕೆ ಕೂರುವ ಮುಂಚೆ ಅಡುಗೆಮನೆ ಬಾಗಿಲಿಗೇ ಹೋಗಿ ಹೇಳುತ್ತಿದ್ದೆ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಟ್ರಿಂಕೋಮಲಿಯಲ್ಲಿ ತಮಿಳರ ಶೈವ, ಅಂದರೆ ಸಸ್ಯಾಹಾರಿ, ಹೋಟೆಲುಗಳಿವೆ. ಅಲ್ಲಿ ಅಮ್ಮ ಏನನ್ನೂ ವಿಚಾರಿಸದೆ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಅದನ್ನು ನೋಡಿ ನನಗೆ ನಿಜಕ್ಕೂ ಸಮಾಧಾನವಾಯಿತು.

ಹುಣ್ಣಿಮೆ ಅಲ್ಲಿ ‘ಪೋಯ’, ದೇಶಕ್ಕೆಲ್ಲ ರಜೆ. ಮದ್ಯ ಮಾರುವುದಿಲ್ಲ, ದೇವಾಲಯಗಳಲ್ಲಿ ಬಿಳಿ ಬಟ್ಟೆಯ ಜನಸಾಗರ. ಬುದ್ಧನ ಹಲ್ಲನ್ನು ಇಟ್ಟಿರುವ ಕ್ಯಾಂಡಿಯ ದಂತ ಮಂದಿರವನ್ನು ನಿಧಾನವಾಗಿ ನೋಡಬೇಕಾದರೆ ಬೇರೆ ದಿನ ಹೋಗಿ. ಹೆಗಲು, ಮೊಣಕಾಲು ಮುಚ್ಚಿರಬೇಕು. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ, ಅಲ್ಲಿನವರಿಗೆ ತುಂಬಾ ನೋವಾಗುತ್ತದೆ. ಚಪ್ಪಲಿ ಬಿಟ್ಟ ಮೇಲೆ ಮಧ್ಯಾಹ್ನ ಕಲ್ಲು ಸುಡುತ್ತದೆ, ವಯಸ್ಸಾದವರಿಗೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ.

2024ರ ಫೆಬ್ರವರಿಯಿಂದ ಅಲ್ಲೂ ಯುಪಿಐ ಇದೆ, ಆದರೆ ಎಲ್ಲಾ ಅಂಗಡಿಯಲ್ಲೂ ನಡೆಯುವುದಿಲ್ಲ. ಆಟೋಗೆ, ಎಳನೀರಿಗೆ ಅಲ್ಲಿನ ರೂಪಾಯಿ ಚಿಲ್ಲರೆ ಜಾಸ್ತಿಯೇ ಇರಲಿ.