ನಿಮ್ಮ ಗದ್ದೆಯ ಭತ್ತದ ಗುರುತು ಬರೆದಿಡುವುದು ಹೇಗೆ?

ಉಡುಪಿ ಕಡೆಯ ಏಣೆಲು (ಮಳೆಗಾಲದ ಬೆಳೆ) ಗದ್ದೆಗಳಲ್ಲಿ ಈಗ ಎತ್ತ ನೋಡಿದರೂ ಎಂ.ಒ.4 ಎಂಬ ಸುಧಾರಿತ ಭತ್ತದ ತಳಿ. ಆದರೂ ಯಾರದೋ ಮನೆಯಲ್ಲಿ ಕಯಮೆಯೋ ಗಂಧಸಾಲೆಯೋ ಜೀರಿಗೆಸಾಲೆಯೋ, ಇಂಥ ಹಳೆಯ ತಳಿ ಉಳಿದಿರುತ್ತದೆ. ಬೀಜ ಕೇಳಿ ತಂದರೆ ಅರ್ಧ ಕೆಲಸವಷ್ಟೇ ಆಯಿತು. ಒಂದೇ ಹೆಸರಿನಲ್ಲಿ ಎರಡು ಊರಲ್ಲಿ ಎರಡು ಭತ್ತ ಇರುವುದುಂಟು. ಹಾಗಾಗಿ ಹೆಸರಿನ ಜೊತೆಗೆ ಗಿಡದ ಲಕ್ಷಣವನ್ನೂ ಬರೆದಿಡಬೇಕು.

ಪ್ರತಿ ತಳಿಯನ್ನೂ ಬೇರೆ ಪಾತಿಯಲ್ಲಿ, ಗುಣಿಗೊಂದೇ ನೇಜಿಯಂತೆ (ಭತ್ತದ ಸಸಿ) ನೆಡಿ. ಗೊಂಚಲಾಗಿ ನೆಟ್ಟರೆ ಒಂದು ಗಿಡಕ್ಕೆ ಎಷ್ಟು ತೆಂಡೆ (ಬುಡದಿಂದ ಒಡೆಯುವ ಕವಲು) ಎಂದು ಗೊತ್ತಾಗುವುದಿಲ್ಲ. ಗದ್ದೆ ಇಲ್ಲವೇ? ಕಾಸರಗೋಡಿನ ಸತ್ಯನಾರಾಯಣ ಬೆಳೇರಿಯವರು ನೂರಾರು ತಳಿ ಉಳಿಸಿದ್ದು ಗ್ರೋಬ್ಯಾಗ್‌ನಲ್ಲೇ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಚಿನ ಸಾಲು ಬಿಟ್ಟು ನಡುವಿನ ಹತ್ತು ಗಿಡ ಆರಿಸಿ ದಾರ ಕಟ್ಟಿ. ಬಿಸಿಲು, ಗಾಳಿ ಹೆಚ್ಚು ಸಿಗುವ ಅಂಚಿನ ಗಿಡಗಳ ಅಳತೆ ನಂಬುವಂತಿಲ್ಲ.

ತೆಂಡೆ ಒಡೆಯುವಾಗ ಬುಡ ನೋಡಿ. ಕಾಂಡವನ್ನು ಸುತ್ತಿದ ಎಲೆಪೊರೆ ಹಸಿರೇ, ನೇರಳೆ ಗೆರೆಯದೇ, ಪೂರ್ತಿ ನೇರಳೆಯೇ? ಎಲೆ ಪೊರೆಗೆ ಸೇರುವಲ್ಲಿ ಬಿಳಿಯ ತೆಳು ನಾಲಿಗೆಯಂಥದ್ದು ಕಾಣುತ್ತದೆ. ಭತ್ತದಂತೆಯೇ ತೋರುವ ಕಾಡುಸಾಮೆ ಜಾತಿಯ ಕಳೆಗೆ ಅದು ಇರುವುದಿಲ್ಲ. ಕಳೆ ಕೀಳುವವರಿಗೆ ಇದೊಂದು ಗೊತ್ತಿದ್ದರೆ ಸಾಕು.

ಹೂವಿನ ಹೊತ್ತು ತಪ್ಪಿಸಬೇಡಿ. ಬಿಸಿಲಿದ್ದ ದಿನ ಬೆಳಿಗ್ಗೆ ಒಂಬತ್ತು–ಹತ್ತರ ಹೊತ್ತಿಗೆ ಭತ್ತದ ಹೂ ಬಾಯಿ ಬಿಡುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಒಳಗೆ ಗರಿಯಂಥ ಶಲಾಕಾಗ್ರ (ಹೂವಿನ ಹೆಣ್ಣು ಭಾಗದ ತುದಿ) ಕಾಣುತ್ತದೆ: ಬಿಳಿ, ಹಳದಿ ಅಥವಾ ನೇರಳೆ. ಮಧ್ಯಾಹ್ನ ಹೋದರೆ ಬಾಗಿಲು ಮುಚ್ಚಿರುತ್ತದೆ. ಅರ್ಧದಷ್ಟು ಗಿಡ ಹೂ ಬಿಟ್ಟ ತಾರೀಕನ್ನೂ ಬರೆದುಕೊಳ್ಳಿ.

ಕೊಯ್ಲಿಗೆ ಮುಂಚೆ ಎತ್ತರ ಅಳೆಯಿರಿ, ತೆನೆ ಬಿಟ್ಟು. ಕಾಳಿಗೆ ಮೀಸೆ (ತುದಿಯಿಂದ ಚಾಚುವ ಕೂದಲಿನಂಥ ಎಳೆ) ಇದೆಯೇ, ಇದ್ದರೆ ಎಲ್ಲ ಕಾಳಿಗೋ ತುದಿಯ ಕಾಳಿಗಷ್ಟೆಯೋ, ಬಣ್ಣ ಯಾವುದು? ಉಮಿಯ ಬಣ್ಣ ನೋಡಿ ಅಕ್ಕಿಯ ಬಣ್ಣ ಹೇಳಲು ಹೋಗಬೇಡಿ. ಹುಲ್ಲುಬಣ್ಣದ ಉಮಿಯೊಳಗೂ ಕೆಂಪಕ್ಕಿ ಇರುತ್ತದೆ. ಕೆಂಪು ಇರುವುದು ಅಕ್ಕಿಯ ಮೇಲಿನ ಸಿಪ್ಪೆಯಲ್ಲಿ. ಪಾಲಿಶ್ ಮಾಡಿದ ಅಕ್ಕಿ ಇದಕ್ಕೆ ಬರುವುದಿಲ್ಲ, ಉಮಿಯನ್ನು ಕೈಯಿಂದಲೇ ಸುಲಿಯಬೇಕು.

ಅಳತೆಗೆ ಮಕ್ಕಳ ಸ್ಕೇಲ್ ಸಾಕು. ಸುಲಿದ ಹತ್ತು ಅಕ್ಕಿಯನ್ನು ತುದಿಗೆ ತುದಿ ಜೋಡಿಸಿ ಅಳೆದು ಹತ್ತರಿಂದ ಭಾಗಿಸಿದರೆ ಉದ್ದ, ಮಗ್ಗುಲಿಗೆ ಮಗ್ಗುಲು ಇಟ್ಟರೆ ಅಗಲ. ಚೆನ್ನಾಗಿ ಒಣಗಿದ ಸಾವಿರ ಕಾಳು ಎಣಿಸಿ ತೂಗಿ: 15ರಿಂದ 20 ಗ್ರಾಂ ಬಂದರೆ ಸಣ್ಣ ಕಾಳು, 26 ದಾಟಿದರೆ ದಪ್ಪ.

ಪರಿಮಳಕ್ಕೆ ನಾಲ್ಕು ಅಕ್ಕಿ ಬಾಯಿಗೆ ಹಾಕಿ ಅಗಿದು ನೋಡಿ. ನಿಮಗೆ ಶೀತವಾಗಿ ಮೂಗು ಕಟ್ಟಿದ ದಿನ ಬೇಡ.

ಭತ್ತದ ತಳಿ ನೋಂದಣಿಗೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಅಡಿಯಲ್ಲಿ ನೋಡುವ ಲಕ್ಷಣಗಳು 62. ಮನೆಯ ಲೆಕ್ಕಕ್ಕೆ ಮೇಲಿನವು ಧಾರಾಳ. ಪಾತಿಯಲ್ಲಿ ಒಂದೆರಡು ಗಿಡ ಬೇರೆಯಾಗಿ ಕಂಡರೆ ಕಿತ್ತೆಸೆಯಬೇಡಿ. ಬೇರೆ ಬಣ್ಣದ ದಾರ ಕಟ್ಟಿ, ತೆನೆಯನ್ನು ಬೇರೆ ಪೊಟ್ಟಣಕ್ಕೆ ಹಾಕಿ, ಮುಂದಿನ ಏಣೆಲಿಗೆ ಪ್ರತ್ಯೇಕ ಪಾತಿ ಕೊಡಿ.